ಹಾಜರಿ ಮತ್ತು ಚಳಿಜ್ವರ: ಕಾಫಿ ತೋಟದ ಕೂಲಿಯವರು ಅನಾರೋಗ್ಯದಲ್ಲಿ ದುಡಿದ ಬಗೆ

ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳ ಕಾಫಿ ತೋಟಗಳ ಚರಿತ್ರೆಯಲ್ಲಿ ಬೆಳೆ, ಬೆಲೆ, ಭೂಒಡೆತನಗಳಿಗೆ ದೊರೆತ ಗಮನ ಕೂಲಿಯವರ ಕಾಯಿಲೆಗೆ ದೊರೆತಿಲ್ಲ. ಜ್ವರದ ಪ್ರಸ್ತಾಪ ಬಂದಲ್ಲಿಯೂ ಅದನ್ನು ಮಲೆನಾಡಿನ ಹವೆಯ ದೋಷವೆಂದೋ ಕೂಲಿಯವರ ಅಜ್ಞಾನವೆಂದೋ ವಿವರಿಸಿ ಮುಂದೆ ಸಾಗುವುದುಂಟು. ಜ್ವರ ಬಂದುದಕ್ಕೆ ಸೊಳ್ಳೆ ಕಾರಣ. ಜ್ವರವಿದ್ದೂ ಕೆಲಸಕ್ಕೆ ಹೋದುದಕ್ಕೆ ಕಾರಣ ಬೇರೆಯೇ ಇದೆ.

ದಕ್ಷಿಣ ಕನ್ನಡದ ಬಡ ಒಕ್ಕಲುಗಳು ಏಣೆಲು ಬೆಳೆಯ ಕೊಯ್ಲು ಮುಗಿಸಿ ‘ಗಟ್ಟದ ಮೇಲೆ’ ಹೋಗುತ್ತಿದ್ದವು. ಮಳೆಗಾಲಕ್ಕೆ ಮೊದಲು ಹಿಂದಿರುಗುತ್ತಿದ್ದವು. ಮಲೆನಾಡಿನಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಮೆಲ್ಲನೆ ಹರಿಯುವ ತೊರೆಗಳ ಅಂಚಿನಲ್ಲಿ ಬೆಳೆಯುತ್ತದೆ. ಮಳೆ ನಿಂತು ತೊರೆಗಳ ರಭಸ ಇಳಿಯುವ ಕಾಲವೂ ಹಣ್ಣು ಕೊಯ್ಯುವ ಕಾಲವೂ ಒಂದೇ. ನೀರಿನ ಅನುಕೂಲಕ್ಕಾಗಿ ಕೂಲಿಲೈನುಗಳನ್ನು ತೊರೆಯ ಬಳಿ ಕಟ್ಟಿದಲ್ಲಿ ಅಪಾಯ ಇಮ್ಮಡಿಸುತ್ತಿತ್ತು.

ಕೂಲಿಯವರು ಹೊರಡುವ ಮೊದಲೇ ಮೇಸ್ತ್ರಿಯಿಂದ ಮುಂಗಡ ಪಡೆದಿರುತ್ತಿದ್ದರು. ಮುಂಗಡ ತೀರುವುದು ಹಾಜರಿಯಿಂದ; ತನ್ನ ತಂಡದ ದುಡಿಮೆಯ ಮೇಲೆ ಮೇಸ್ತ್ರಿಗೆ ಕಮಿಷನ್ನು. ಒಬ್ಬ ಆಳು ಮಲಗಿದರೆ ಆತನ ಸಾಲ ಉಳಿಯುತ್ತಿತ್ತು, ಮೇಸ್ತ್ರಿಯ ಕಮಿಷನ್ನು ತಪ್ಪುತ್ತಿತ್ತು. ಕಾಯಿಲೆಯವನನ್ನು ಎಬ್ಬಿಸಲು ದೊರೆಯೇ ಲೈನಿಗೆ ಬರಬೇಕಾಗಿರಲಿಲ್ಲ.

ಇದಕ್ಕೆ ಕಾನೂನಿನ ಒತ್ತಾಸೆಯೂ ಇತ್ತು. 1859ರ 13ನೆಯ ಕಾಯ್ದೆಯಂತೆ, ಮುಂಗಡ ಪಡೆದು ಸಕಾರಣವಿಲ್ಲದೆ ಕೆಲಸ ಬಿಟ್ಟವನಿಗೆ ಹಣ ಮರಳಿಸಲು ಅಥವಾ ಕೆಲಸ ಪೂರೈಸಲು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದಿತ್ತು. ಮೀರಿದರೆ ಮೂರು ತಿಂಗಳವರೆಗೆ ಸೆರೆ. ಕಾಯಿಲೆಯನ್ನು ಸಕಾರಣವೆಂದು ವಾದಿಸಲು ಅಡ್ಡಿಯಿರಲಿಲ್ಲ. ಆದರೆ ಹೆಬ್ಬೆಟ್ಟಿನ ಗುರುತು ಹಾಕಿ ಹಣ ಪಡೆದವನು ಊರಿನಿಂದ ದೂರದ ಕಚೇರಿಯಲ್ಲಿ, ಇಳಿದುಹೋದ ಜ್ವರವನ್ನು ಯಾವ ಸಾಕ್ಷಿಯಿಂದ ತೋರಿಸಬೇಕಿತ್ತು? 1925ರಲ್ಲಿ ಈ ಕಾಯ್ದೆ ರದ್ದಾಯಿತಾದರೂ ಕೊಡಗಿನಲ್ಲಿ 1926ರ ಕಾರ್ಮಿಕ ಕಾಯ್ದೆಯ ರೂಪದಲ್ಲಿ ಅದರ ನೆರಳು ಇನ್ನೂ ಕೆಲವು ವರ್ಷ ಉಳಿಯಿತು.

ರೋಗದ ಸ್ವರೂಪವೂ ಇಲ್ಲಿ ಮುಖ್ಯ. ದಿನ ಬಿಟ್ಟು ದಿನ ಬರುವ ಚಳಿಜ್ವರದಲ್ಲಿ ನಡುವಿನ ದಿನ ರೋಗಿ ಎದ್ದು ನಡೆಯಬಲ್ಲ. ಮುಂಜಾನೆ ಹಾಜರಿ ಕೂಗುವಾಗ ನೆಟ್ಟಗೆ ನಿಂತವನು ನಡುಹಗಲಿಗೆ ಕಂಬಳಿ ಹೊದೆದು ನಡುಗಬಹುದು. ರೈಟರ ಪುಸ್ತಕದಲ್ಲಿ ಹಾಜರಿ, ಅರ್ಧ ಹಾಜರಿ, ಗೈರುಹಾಜರಿಗಳಿಗೆ ಜಾಗವಿತ್ತು. ಜ್ವರಕ್ಕೆ ಪ್ರತ್ಯೇಕ ಅಂಕಣವಿಲ್ಲದಲ್ಲಿ ಸೋಮಾರಿಯೂ ರೋಗಿಯೂ ಒಂದೇ ಗುರುತಿನವರು. ತೋಟದ ಮಾತಿನಲ್ಲಿ ‘ಹಾಜರಿ’ ಎಂಬ ಪದ ಉಪಸ್ಥಿತಿಯ ಅರ್ಥದಿಂದ ಜಾರಿ ದಿನದ ಕೂಲಿ ಎಂಬ ಅರ್ಥವನ್ನೇ ಪಡೆದುದನ್ನು ಭಾಷಾವಿನೋದವೆಂದು ಬಿಡುವಂತಿಲ್ಲ. ಅನ್ನ ಸಿಗುವುದು ನಿಂತ ದೇಹಕ್ಕೆ ಎಂಬ ಅನುಭವ ಆ ಪದದಲ್ಲಿ ಸೇರಿದೆ. ನೆಲಬೇವಿನ ಕಷಾಯ ಕುಡಿದು ಬುಟ್ಟಿ ಹಿಡಿದವರನ್ನು ಮೂಢರೆನ್ನುವುದು ಅನ್ಯಾಯ. ಕಷಾಯದ ಜೊತೆಗೆ ಬೇಕಾದ ವಿಶ್ರಾಂತಿ ಅವರ ಕೈಯಲ್ಲಿರಲಿಲ್ಲ.

1954ರಲ್ಲಿ ಜಾರಿಗೆ ಬಂದ 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ವೈದ್ಯೋಪಚಾರಗಳೊಂದಿಗೆ ಕಾಯಿಲೆ ಭತ್ಯೆಯನ್ನೂ ಮಾಲೀಕರ ಹೊಣೆಯಾಗಿಸಿತು. ಇದೇ ದಶಕದಲ್ಲಿ ಡಿ.ಡಿ.ಟಿ. ಸಿಂಪರಣೆಯಿಂದ ಮಲೇರಿಯವೂ ತಗ್ಗತೊಡಗಿತು. ಮಲಗಿದವನಿಗೂ ಹಣ ಸಲ್ಲಬೇಕೆಂಬ ತತ್ತ್ವ ತೋಟದ ಲೆಕ್ಕದೊಳಗೆ ಬಂದುದು ಸಣ್ಣ ಬದಲಾವಣೆಯಲ್ಲ. ಆದರೆ ಭತ್ಯೆಗೆ ಅರ್ಹ ವೈದ್ಯರ ದೃಢೀಕರಣ ಬೇಕಿತ್ತು. ವೈದ್ಯರು ದೂರವಿದ್ದ ತೋಟಗಳಲ್ಲಿ ಆ ಚೀಟಿ ತರಲು ಜ್ವರದವನು ನಡೆಯಬೇಕಿತ್ತು; ಆ ನಡಿಗೆಗೆ ಒಂದು ಹಾಜರಿ ಕಳೆಯುತ್ತಿತ್ತು.