ಪೀಪಾಯಿ ವಾಸನೆ, ಸಾರಾಯಿ ನೆನಪು

ಉಪ್ಪಿನಕಾಯಿ ಇಟ್ಟಿದ್ದ ಮರದ ಮರಿಗೆನ ಎಷ್ಟು ತೊಳುದ್ರೂ ವಾಸನೆ ಬಿಡಲ್ಲ, ಅಲ್ವೇನ್ರಮ್ಮಾ? ಬೀರು ಮಾಡೋರೂ ಹಿಡ್ಕೊಂಡಿದ್ದು ಅದೇ ಗುಟ್ಟು. ಅಮೆರಿಕದಲ್ಲಿ ಬೂರ್ಬನ್ ವಿಸ್ಕಿನ ಒಳಗೆ ಸುಟ್ಟ ಹೊಸ ಓಕ್ ಪೀಪಾಯಲ್ಲೇ ಇಡಬೇಕು ಅಂತ ಕಾನೂನೈತೆ. ಒಂದ್ಸಲ ಬಳಸಿದ್ದು ಮತ್ತೆ ಬೂರ್ಬನ್‌ಗೆ ಬರಲ್ಲ. 1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲೆಂಡ್‌ನೋರು ಅಂಥ ಹಳೇ ಪೀಪಾಯಿಗೆ ಕಪ್ಪು ಬೀರು ತುಂಬಿಟ್ರು. ವಿಸ್ಕಿ ವಾಸನೆ ಬೀರಿಗೆ ಹತ್ತಿತು.

ಅಲ್ಲಿ ಮನೇಲಿ ಬೀರು ಮಾಡ್ಕೊಳ್ಳೋಕೆ 1978ರಲ್ಲೇ ಕೇಂದ್ರದ ಕಾನೂನು ಒಪ್ಪಿತ್ತು. ಪೀಪಾಯಿ ಎಲ್ಲಿಂದ ತರೋದು? ವಿಸ್ಕೀಲಿ ನೆನೆಸಿದ ಓಕ್ ಚೂರನ್ನ ಬೀರಿಗೆ ಹಾಕಿ ಅದೇ ರುಚಿ ಬರಿಸ್ತಾರೆ. ಬೀರು ಹುಳಿ ಬರಿಸೋದು. ಮನೇಲಿ ಬಟ್ಟಿ ಇಳಿಸೋಕೆ ಮಾತ್ರ ಆ ಕಾನೂನು ಒಪ್ಪಿರಲಿಲ್ಲ.

ನಮ್ ರಾಯಲ್ಪಾಡು ಕಡೆ ಈ ಮಾತಾಡಿದ್ರೆ ಹೆಂಗಸ್ರಿಗೆ ಸಾರಾಯೇ ನೆನಪಾಗೋದು. ಗಡಿ ಆಚೆ ಆಂಧ್ರದಲ್ಲಿ, ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸ್ರು 1992ರಲ್ಲಿ ಸಾರಾಯಿ ಮೇಲೆ ತಿರುಗಿಬಿದ್ರು. ಮಾರನೇ ವರ್ಷ ಅಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ ನಿಂತಿದ್ದು 2007ರ ಜುಲೈ 1ಕ್ಕೆ. ಸಾರಾಯಿ ಹೋಯ್ತು, ಬಾಟ್ಲಿ ಉಳೀತು. ಲೈಸೆನ್ಸ್ ಇಲ್ದೆ ಮನೇಲಿ ಬೀರು ಮಾಡಿದ್ರೆ ಇಲ್ಲಿ ಕೇಸು. ಅಲ್ಲಿ ಹವ್ಯಾಸ, ಇಲ್ಲಿ ಅಪರಾಧ.

ಕುಡಿತದ ಚರಿತ್ರೆ ಬರೆಯೋರು ರುಚಿ ಬರೀತಾರೆ. ಕೂಲಿ ದುಡ್ಡು ಎಲ್ಲೋಯ್ತು, ರಾತ್ರಿ ಒಲೆ ಯಾಕೆ ಹತ್ತಲಿಲ್ಲ ಅನ್ನೋದು ನಮ್ ಅಜ್ಜೀರ ಬಾಯಲ್ಲೇ ಐತೆ. ಅವ್ರು ಇರೋವಾಗ್ಲೇ ಕೇಳಿ, ಬರ್ದಿಟ್ಕೊಳ್ರಮ್ಮಾ.