ಮೋಟಾರು ಸಾರಥ್ಯದ ಪರೀಕ್ಷೆ: ಒಂದು ಐತಿಹಾಸಿಕ ಅವಲೋಕನ

ವಾಹನ ನಡೆಸುವವನಿಗೆ ಸರಕಾರವು ನೀಡುವ ಪರವಾನಗಿಯು ವಸ್ತುತಃ ಒಂದು ಜಾಮೀನುಪತ್ರ. ಅದನ್ನು ಪಡೆಯುವವನು ಚಾಲಕ. ಆದರೆ ಅದರ ಭರವಸೆ ಸಲ್ಲುವುದು ಅವನನ್ನು ಎಂದೂ ಕಂಡರಿಯದ ದಾರಿಹೋಕನಿಗೆ. ಪರವಾನಗಿಗೆ ಈ ಅರ್ಥವು ಹುಟ್ಟಿನಿಂದ ಬಂದುದಲ್ಲವೆಂಬುದಕ್ಕೆ ಇಂಗ್ಲೆಂಡಿನ ಇತಿಹಾಸವೇ ಸಾಕ್ಷಿ.

1865ರ ಶಾಸನವು ಅಲ್ಲಿ ಯಂತ್ರವಾಹನಗಳಿಗೆ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ವೇಗವನ್ನು ವಿಧಿಸಿತ್ತು. ಕೆಂಪು ಬಾವುಟ ಹಿಡಿದವನೊಬ್ಬನು 60 ಗಜ ಮುಂದೆ ನಡೆಯಬೇಕಾಗಿತ್ತು. 1878ರಲ್ಲಿ ಬಾವುಟದ ಕಡ್ಡಾಯವು ಸಡಿಲಗೊಂಡಿತು. 1896ರಲ್ಲಿ ಹಗುರ ವಾಹನಗಳ ಮಟ್ಟಿಗೆ ಹಳೆಯ ಬಂಧನಗಳೆಲ್ಲ ಕಳಚಿದುವು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರಿಗೆ ಸಿಕ್ಕಿ ಮೃತಳಾದಳು. ಅದು ಆಕಸ್ಮಿಕ ಮರಣವೆಂದು ತೀರ್ಮಾನವಾಯಿತು. ಚಾಲಕನ ಯೋಗ್ಯತೆಯನ್ನು ಅಳೆಯುವ ಏರ್ಪಾಡೇ ಆಗ ಇರಲಿಲ್ಲ.

1903ರ ಕಾಯಿದೆಯು ನೋಂದಣಿಯನ್ನೂ ಪರವಾನಗಿಯನ್ನೂ ಕಡ್ಡಾಯಗೊಳಿಸಿತು. ಐದು ಷಿಲಿಂಗು ತೆತ್ತವನಿಗೆ ಪರವಾನಗಿ ಲಭಿಸುತ್ತಿತ್ತು. ಪರೀಕ್ಷೆಯ ಮಾತೇ ಇರಲಿಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, 1893ರಲ್ಲಿ, ಪ್ಯಾರಿಸಿನ ಪೊಲೀಸರು ಚಾಲಕನಿಂದ ಸಾಮರ್ಥ್ಯದ ಪ್ರಮಾಣಪತ್ರವನ್ನು ಕೇಳಿದ್ದರೆಂಬುದು ಗಮನಾರ್ಹ. ಇಂಗ್ಲೆಂಡಿನಲ್ಲಾದರೋ 1930ರ ಕಾಯಿದೆಯು ಅಭ್ಯರ್ಥಿಯು ತನ್ನ ದೇಹಸ್ವಾಸ್ಥ್ಯವನ್ನು ತಾನೇ ಘೋಷಿಸಿದರೆ ಸಾಕೆಂದು ಬಗೆದು, ಖಾಸಗಿ ಮೋಟಾರುಗಳ ವೇಗಮಿತಿಯನ್ನೂ ತೆಗೆದುಹಾಕಿತು. 1934ರಲ್ಲಿ ರಸ್ತೆಗಳಲ್ಲಿ ಮಡಿದವರು ಏಳು ಸಾವಿರಕ್ಕೂ ಮಿಕ್ಕಿದ್ದರು. ಆ ವರ್ಷದ ಕಾಯಿದೆಯು ಜನವಸತಿಯ ಪ್ರದೇಶಗಳಲ್ಲಿ 30 ಮೈಲಿಯ ಮಿತಿಯನ್ನು ವಿಧಿಸಿತು. 1935ರ ಜೂನ್ 1ರಿಂದ ಚಾಲನಾ ಪರೀಕ್ಷೆಯು ಕಡ್ಡಾಯವಾಯಿತು. ಆದರೆ 1934ರ ಏಪ್ರಿಲ್ 1ಕ್ಕೆ ಮುನ್ನವೇ ವಾಹನ ನಡೆಸುತ್ತಿದ್ದವರಿಗೆ ವಿನಾಯಿತಿ ದೊರೆಯಿತು.

ಸಾರಥಿಯ ಪರೀಕ್ಷೆಯಾದ ಕಾಲು ಶತಮಾನದ ಬಳಿಕ ಖಾಸಗಿ ರಥದ ಪರೀಕ್ಷೆಯ ಸರದಿ ಬಂದಿತು. 1960ರಲ್ಲಿ ಹತ್ತು ವರ್ಷ ದಾಟಿದ ಮೋಟಾರುಗಳ ಬ್ರೇಕು, ದೀಪ ಮತ್ತು ಸ್ಟಿಯರಿಂಗುಗಳ ವಾರ್ಷಿಕ ತಪಾಸಣೆ ಆರಂಭವಾಯಿತು. ಮರುವರ್ಷವೇ ಈ ಅವಧಿಯನ್ನು ಏಳು ವರ್ಷಕ್ಕೂ, 1967ರಲ್ಲಿ ಮೂರು ವರ್ಷಕ್ಕೂ ಇಳಿಸಲಾಯಿತು.

ಭಾರತದಲ್ಲಿ 1914ರ ಕಾಯಿದೆಯು ಪರವಾನಗಿಯನ್ನು ವಿಧಿಸಿ, ವಿವರಗಳನ್ನು ಪ್ರಾಂತೀಯ ಸರಕಾರಗಳ ನಿಯಮಗಳಿಗೆ ಬಿಟ್ಟಿತು. 1939ರ ಕಾಯಿದೆಯು ಸಾಮರ್ಥ್ಯ ಪರೀಕ್ಷೆಯ ಸ್ವರೂಪವನ್ನು ತನ್ನ ಅನುಸೂಚಿಯಲ್ಲಿಯೇ ನಿರೂಪಿಸಿತು; ಬಸ್ಸು, ಲಾರಿ ಮುಂತಾದ ಸಾರಿಗೆ ವಾಹನಗಳಿಗೆ ಸುಸ್ಥಿತಿಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಆ ಸ್ಥಾನದಲ್ಲಿ ಬಂದ 1988ರ ಕಾಯಿದೆಯೂ ಈ ಎರಡು ತತ್ತ್ವಗಳನ್ನು ಉಳಿಸಿಕೊಂಡಿದೆ. ಆದರೆ ಖಾಸಗಿ ವಾಹನದ ನೋಂದಣಿಯು ಇಲ್ಲಿ ಹದಿನೈದು ವರ್ಷ ಸಿಂಧುವಾಗಿರುತ್ತದೆ. ಅದರ ನವೀಕರಣದ ಸಮಯದವರೆಗೆ ಸುಸ್ಥಿತಿಯ ನಿಯತಕಾಲಿಕ ಪರೀಕ್ಷೆಯನ್ನು ಕಾನೂನು ಅದರಿಂದ ಅಪೇಕ್ಷಿಸುವುದಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಅಸುನೀಗಿದರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಇವೆಲ್ಲಕ್ಕೂ ಪರೀಕ್ಷೆಯ ಶೈಥಿಲ್ಯವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ದಾರಿಯ ರಚನೆ, ವೇಗ, ಮದ್ಯಪಾನ ಇವುಗಳ ಪಾಲೂ ಉಂಟು. ಆದರೂ ಇತಿಹಾಸದ ಪಾಠ ಸ್ಪಷ್ಟ. ಮೊದಲು ಶುಲ್ಕ, ಅನಂತರ ಸಾವು, ಕೊನೆಗೆ ಪರೀಕ್ಷೆ ಎಂಬ ಕ್ರಮದಲ್ಲಿಯೇ ಕಾನೂನು ಬೆಳೆದುಬಂದಿದೆ. ಜಾಮೀನಿಗೆ ಸಹಿ ಹಾಕುವವನು ಸಾಲಗಾರನ ಯೋಗ್ಯತೆಯನ್ನು ವಿಚಾರಿಸದಿದ್ದರೆ ನಷ್ಟವು ಅವನದೇ. ಪರೀಕ್ಷಕನು ಚಾಲಕನನ್ನು ಪರೀಕ್ಷಿಸದೆ ಮುದ್ರೆ ಒತ್ತಿದರೆ ಅದರ ಋಣವನ್ನು ತೀರಿಸುವವನು ಬೇರೊಬ್ಬ: ರಸ್ತೆಯ ಅಂಚಿನಲ್ಲಿ ನಡೆದು ಹೋಗುವ ನಿರಪರಾಧಿ.