ಕೇರಳ–ಕೊಂಕಣ ಬೇಸಿನ್‌ನಲ್ಲಿ ಮೀಥೇನ್ ಹೈಡ್ರೇಟ್ ಶೋಧ

ಕೊಚ್ಚಿ, ತಿರುವನಂತಪುರಗಳ ಎದುರಿನ ಆಳಗಡಲಿನಿಂದ ಉತ್ತರಕ್ಕೆ ಕರ್ನಾಟಕ, ಗೋವಾ ಕರಾವಳಿಯುದ್ದಕ್ಕೂ ಚಾಚಿದ ಅರಬ್ಬಿ ಸಮುದ್ರದ ತಳಭಾಗಕ್ಕೆ ಕೇರಳ–ಕೊಂಕಣ ಬೇಸಿನ್ ಎಂದು ಹೆಸರು. ಹೆಪ್ಪುಗಟ್ಟಿದ ಮೀಥೇನ್‌ಗಾಗಿ ಭಾರತ ಕೈಗೊಂಡ ಮೊದಲ ಕೊರೆತ ನಡೆದದ್ದು ಇಲ್ಲಿಯೇ.

ಆಮ್ಲಜನಕ ತಲುಪದ ಹೂಳಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಸಿದಾಗ ಮೀಥೇನ್ ಹುಟ್ಟುತ್ತದೆ. ಚಳಿ ಮತ್ತು ಒತ್ತಡ ಎರಡೂ ಸಾಕಷ್ಟಿದ್ದರೆ ಅದು ನೀರಿನ ಅಣುಗಳ ನಡುವೆ ಸಿಕ್ಕಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 164 ಘನ ಮೀಟರ್ ಅನಿಲ ಹೊರಬರುತ್ತದೆ. ದಪ್ಪ ಹಿಮಹಾಸಿನ ಅಡಿಯಲ್ಲಿ ಈ ಒತ್ತಡವನ್ನು ಒದಗಿಸುವುದು ಹಿಮದ ಹೊರೆ. ಹಿಮವಿಲ್ಲದ ಕೇರಳದಲ್ಲಿ ಆ ಕೆಲಸ ಮಾಡುವುದು ಸಾವಿರಾರು ಮೀಟರ್ ಆಳದ ತಣ್ಣೀರು.

ಪಶ್ಚಿಮ ಕರಾವಳಿಯ ಆಳವಿಲ್ಲದ ಕೆಸರಿನಲ್ಲಿ ಮೀಥೇನ್ ಇರುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಎಂ. ಕರಿಸಿದ್ದಯ್ಯ ಮತ್ತು ಎಂ. ವೀರಯ್ಯ 1994ರಲ್ಲಿ ವಿವರಿಸಿ, ಅದು ಹಸಿರುಮನೆ ಅನಿಲದ ಮೂಲವಾಗಬಹುದೆಂದು ಎಚ್ಚರಿಸಿದ್ದರು. ತೈಲ–ಅನಿಲದ ಆಸೆಯ ಮಾತೇ ಮುಂದಿದ್ದ ಕಾಲದಲ್ಲಿ ಹವಾಮಾನದ ಪ್ರಶ್ನೆ ಎತ್ತಿದ್ದು ಅವರ ಹಿರಿಮೆ. ಕೊಚ್ಚಿಗೆ ಹೊಂದಿಕೊಂಡ ವೇಂಬನಾಡು ಹಿನ್ನೀರಿನಿಂದ ಹೊಮ್ಮುವ ಮೀಥೇನ್ ಕುರಿತ ಅಧ್ಯಯನ 2002ರಲ್ಲಿ ಹೊರಬಂತು.

ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮ 1997ರಲ್ಲಿ ಆರಂಭವಾಯಿತು. ಅದರ ಮೊದಲ ಯಾನದಲ್ಲಿ, 2006ರ ಏಪ್ರಿಲ್ 28ರಿಂದ ಆಗಸ್ಟ್ 19ರವರೆಗೆ, ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು 21 ತಾಣಗಳಲ್ಲಿ 39 ಬಾವಿಗಳನ್ನು ಕೊರೆಯಿತು. ಮೊದಲ ತಾಣ ಕೇರಳ–ಕೊಂಕಣದ್ದು. ನೀರಿನ ಆಳವೇ 2,600 ಮೀಟರಿಗೂ ಹೆಚ್ಚು. ಕಡಲತಳಕ್ಕೆ ಧ್ವನಿತರಂಗ ಕಳಿಸಿ ಮಾಡಿದ ಸಮೀಕ್ಷೆಯಲ್ಲಿ ಇಲ್ಲಿ ತಳಕ್ಕೆ ಸಮಾನಾಂತರವಾದ ಒಂದು ಗೆರೆ ಕಂಡಿತ್ತು. ಹೈಡ್ರೇಟ್ ಪದರ ಮುಗಿದು ಅನಿಲ ಶುರುವಾಗುವಲ್ಲಿ ಮೂಡುವ ಗೆರೆಯ ಹಾಗೆಯೇ ಅದಿತ್ತು. ಆದರೆ ಕೊಳವೆಯಲ್ಲಿ ಮೇಲೆ ಬಂದದ್ದು ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ತುಂಬಿದ ಸುಣ್ಣದ ಕೆಸರು. ಹೈಡ್ರೇಟ್ ಸಿಗಲಿಲ್ಲ. ಚಳಿಯೂ ಒತ್ತಡವೂ ಇದ್ದರೆ ಸಾಲದು, ಮೀಥೇನ್ ಹುಟ್ಟಿಸುವ ಸಾವಯವ ಪದಾರ್ಥವೂ ಬೇಕೆಂಬುದಕ್ಕೆ ಈ ಬರಿಗೈ ಬಾವಿ ಸಾಕ್ಷಿಯಾಯಿತು. ಅದೇ ಯಾನದಲ್ಲಿ ನದಿಗಳ ಹೂಳು ತುಂಬಿದ ಕೃಷ್ಣಾ–ಗೋದಾವರಿ ಬೇಸಿನ್‌ನಲ್ಲಿ 128 ಮೀಟರ್ ದಪ್ಪದ ಹೈಡ್ರೇಟ್ ವಲಯ ಸಿಕ್ಕಿತು.

2015ರ ಎರಡನೆಯ ಯಾನ ಪೂರ್ವ ಕರಾವಳಿಗಷ್ಟೇ ಹೋಯಿತು. ಒಂದೇ ತಾಣದ ಫಲಿತಾಂಶವನ್ನು ಇಡೀ ಕೇರಳ–ಕೊಂಕಣಕ್ಕೆ ಅನ್ವಯಿಸುವುದು ಸರಿಯಲ್ಲ.